ಬಸ್ಸಿನ ಹಾರನ್ನೂ ಕೊನೆಯ ಲಾರಿಯೂ

ಹೊಸಪೇಟೆಯ ಬಸ್ ನಿಲ್ದಾಣದ ಎದುರು ಚಹಾ ಕುಡಿಯುತ್ತಿದ್ದೆ. ಗಣಿ ಕಂಪನಿಯ ಬಸ್ಸೊಂದು ಉದ್ದನೆಯ ಹಾರನ್ ಹಾಕಿತು. ಆ ಸದ್ದಿಗೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ. ಯಾಕೆಂದು ನಿಮಗೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಯಶವಂತನಗರದ ಕಡೆಯ ಒಂದು ಗಣಿಗೆ, ಲಾರಿಗಳ ತೂಕ ದಾಖಲಿಸುವ ಪ್ರೋಗ್ರಾಮ್ ಬರೆದುಕೊಟ್ಟಿದ್ದೆ. ಬರೆದವನು ನಾನಾದ್ದರಿಂದ ಅದು ತಪ್ಪೀತೆಂಬ ಕಲ್ಪನೆಯೇ ನನಗಿರಲಿಲ್ಲ. ತೂಕದ ಕೋಣೆಯಲ್ಲಿ ಕೂರುತ್ತಿದ್ದುದು ಬಂಡ್ರಿಯ ರೇಣುಕಾ. ಒಂದೇ ವಾರದಲ್ಲಿ ಮೂರು ಸಂಜೆ ಕೊನೆಯ ಲಾರಿಯ ತೂಕ ಕಾಣೆಯಾಯಿತು. ಅದಿರು ಹೋಗಿದೆ, ದಾಖಲೆಯಿಲ್ಲ. ಗಣಿಯಲ್ಲಿ ಇದನ್ನು ಕಳ್ಳತನವೆನ್ನುತ್ತಾರೆ. ಮ್ಯಾನೇಜರ್ ಫೋನ್ ಮಾಡಿದಾಗ ನಾನು ಠೀವಿಯಿಂದ, "ಆಕೀನೇ ಮರ್ತಿರಬೇಕು ಬಿಡ್ರಿ" ಎಂದೆ. ಅಷ್ಟು ಸಾಕಾಯಿತು. ಶನಿವಾರದಿಂದ ಕೆಲಸಕ್ಕೆ ಬರಬೇಡವೆಂದು ಆಕೆಗೆ ಹೇಳಿದರು.

ರೇಣುಕಾ ನನಗೇ ಫೋನ್ ಮಾಡಿದಳು. ಅಳಲಿಲ್ಲ. "ತೂಕ ನಾ ಹಾಕೀನ್ರಿ ಸರ್. ನಿಮ್ಮ ಪ್ರೋಗ್ರಾಮ್ ನುಂಗೈತಿ. ಸಂಜೀಕ ಬಂದು ನೋಡ್ರಿ."

ಶುಕ್ರವಾರ ಹೋದೆ. ಆಕೆಯದೇ ತಪ್ಪೆಂದು ತೋರಿಸಲು ಹೋದೆ, ಸುಳ್ಳೇಕೆ ಹೇಳಲಿ. ಮಧ್ಯಾಹ್ನವೆಲ್ಲ ಸರಿಯಾಗಿಯೇ ನಡೆಯಿತು. ಐದಕ್ಕೆ ಕಂಪನಿಯ ಬಸ್ಸು ಹಾರನ್ ಹಾಕಿತು. ಅದು ತಪ್ಪಿದರೆ ಆಕೆಯ ಊರಿಗೆ ಬೇರೆ ಗಾಡಿಯಿಲ್ಲ. ಆಕೆ ಕೊನೆಯ ಲಾರಿಯ ತೂಕ ಒತ್ತಿದಳು, ಅದರ ಬೆನ್ನಿಗೇ "ಮುಚ್ಚು" ಒತ್ತಿ ಚೀಲ ಹೆಗಲಿಗೇರಿಸಿದಳು. ನಾನು ಮತ್ತೆ ತೆರೆದು ನೋಡಿದೆ. ಲಾರಿ ಇಲ್ಲ.

ಪ್ರೋಗ್ರಾಮಿನೊಳಗೆ ತೂಕ ಬರೆಯುವ ಕೆಲಸವೂ ಕಡತ ಮುಚ್ಚುವ ಕೆಲಸವೂ ಒಟ್ಟಿಗೆ ನಡೆಯುತ್ತಿದ್ದವು. ಬೆನ್ನಿಗೇ "ಮುಚ್ಚು" ಒತ್ತಿದರೆ, ತೂಕ ಬರೆದಾಯಿತೇ ಎಂದು ಕೇಳದೆ ಮುಚ್ಚಿಬಿಡುವಂತೆ ಮಾಡಿಟ್ಟವನು ನಾನೇ. ನನ್ನ ಮೇಜಿನ ಮೇಲೆ ಎಷ್ಟು ಸಲ ಪರೀಕ್ಷಿಸಿದರೂ ಹೀಗಾಗಿರಲಿಲ್ಲ. ನನಗೆ ಹಿಡಿಯಬೇಕಾದ ಬಸ್ಸು ಇರಲಿಲ್ಲವಲ್ಲ.

ಹೊರಟಿದ್ದ ಆಕೆಯನ್ನು ತಡೆದೆ, ಇಬ್ಬರೂ ಮ್ಯಾನೇಜರ್ ಎದುರು ನಿಂತೆವು. "ತಪ್ಪು ನಂದ್ರಿ, ಆಕೀದಲ್ಲ" ಎಂದೆ, ಬರೆದೂ ಕೊಟ್ಟೆ. ಅವರು ಆಕೆಯನ್ನು ಕೆಲಸದಲ್ಲಿ ಮುಂದುವರಿಸಲು ಒಪ್ಪಿದರು. ಹೊರಗೆ ಬಂದ ಮೇಲೆ ರೇಣುಕಾ, "ಚಲೋ ಆತ್ರಿ. ಆದ್ರ ಕಳವಿನ ಮಾತು ಕೇಳಿ ನಮ್ಮಪ್ಪ ಮೂರು ದಿನದಿಂದ ನನ್ ಕೂಡ ಮಾತಾಡಿಲ್ಲ" ಎಂದಳು.

ಬಸ್ಸು ಹೋಗಿಯಾಗಿತ್ತು. ನನ್ನ ಬೈಕಿನಲ್ಲೇ ಬಂಡ್ರಿಗೆ ಕರೆದೊಯ್ದು, ಆಕೆಯ ತಂದೆಯ ಮುಂದೆಯೂ ಅದೇ ಮಾತು ಹೇಳಿದೆ. ಅವರು ಮಗಳ ಕಡೆ ತಿರುಗಿ, "ಮಧ್ಯಾಹ್ನ ಉಂಡೀಯೇನವ್ವಾ?" ಎಂದರು. ರೇಣುಕಾ ಆಗ ಅತ್ತಳು.

ಚಹಾ ಮುಗಿಸಿ ಈಗ ಕಂಪ್ಲಿಗೆ ಹೊರಟಿದ್ದೇನೆ. ಅಲ್ಲಿನ ಅಕ್ಕಿ ಗಿರಣಿಯ ಗುಮಾಸ್ತರು ನಾನು ಮಾಡಿಕೊಟ್ಟ ಪ್ರೋಗ್ರಾಮಿನಲ್ಲಿ ತಾವು ಬರೆದದ್ದು ಕಾಣುತ್ತಿಲ್ಲ ಎಂದಿದ್ದಾರೆ. ಈ ಸಲ ತಪ್ಪು ನನ್ನದಲ್ಲವೆಂದು ನನಗೆ ಖಾತ್ರಿಯಿದೆ. ಆದರೂ ಅವರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಗಿರಣಿಯ ಬಾಗಿಲು ಹಾಕುವವರೆಗೂ ಕೂರುತ್ತೇನೆ.