ಡ್ರೋನ್ ಇಳಿಸಿದ ಕಾಗೆ

ಮದುವೆಗಳಲ್ಲಿ ಡ್ರೋನ್ ಹಾರಿಸಿ ವಿಡಿಯೊ ಮಾಡೋದು ನನ್ನ ಕೆಲಸ. ಒಂದು ಮಧ್ಯಾಹ್ನ ಮಲ್ಲೇಶ್ವರದ ಛತ್ರವೊಂದರ ಅಂಗಳದಲ್ಲಿದ್ದೆ. ಹೂವಿನಾಕೆ ಬಂದು, ಗೇಟಿನ ಹೊರಗೆ ಯಾರೋ ಕರೀತಿದಾರೆ ಅಂದಳು.

ಹೋದರೆ, ಮಡಿಪಂಚೆ ಉಟ್ಟ ವಯಸ್ಸಾದವರೊಬ್ಬರು. ಬೈಸಿಕೊಳ್ಳೋಕೆ ತಯಾರಾಗೇ ನಿಂತೆ. ಡ್ರೋನಿನವರಿಗೆ ಅದು ರೂಢಿ. ಅವರು ಮಾತ್ರ ದನಿ ತಗ್ಗಿಸಿ, "ನಾನು ಪಕ್ಕದ ಮನೆಯವನು. ಇವತ್ತು ನಮ್ಮ ತಂದೆಯ ತಿಥಿ. ತಾರಸಿ ಮೇಲೆ ಪಿಂಡ ಇಟ್ಟು ಒಂದು ಗಂಟೆ ಆಯ್ತು. ನಿಮ್ಮ ಯಂತ್ರಕ್ಕೆ ಹೆದರಿ ಒಂದು ಕಾಗೆನೂ ಹತ್ರ ಬರ್ತಿಲ್ಲ. ಅದು ಮುಟ್ಟದೆ ನಾವ್ಯಾರೂ ಊಟ ಮಾಡೋ ಹಾಗಿಲ್ಲ," ಅಂದರು.

"ಒಳಗೇ ಬಂದು ಹೇಳಬಹುದಿತ್ತಲ್ಲ ಸರ್?"

"ಮದುವೆ ಮನೇಲಿ ತಿಥಿ ಮಾತು ಆಡ್ತಾರೇನಪ್ಪಾ? ನೀವೂ ಅವರಿಗೆ ಹೇಳಬೇಡಿ."

ಮನೆಮಂದಿಯೆಲ್ಲ ಹಸಿದು ಕೂತಿದ್ದರೂ, ಗುರುತೇ ಇಲ್ಲದ ಮದುಮಗಳ ಶುಭಕ್ಕೆ ಕುಂದು ಬರಬಾರದು ಅಂತ ಬಿಸಿಲಲ್ಲಿ ಗೇಟಿನಾಚೆಯೇ ನಿಂತಿದ್ದ ಮನುಷ್ಯ. ಬ್ಯಾಟರಿ ಬದಲಾಯಿಸಬೇಕು ಅಂತ ಮದುವೆಯವರಿಗೆ ಸುಳ್ಳು ಹೇಳಿ ಡ್ರೋನ್ ಇಳಿಸಿದೆ. ಹತ್ತು ನಿಮಿಷದಲ್ಲಿ ಅವರು ತಾರಸಿಯಿಂದ ನನ್ನ ಕಡೆ ಕೈ ಮುಗಿದರು. ಆಮೇಲೆ ಮತ್ತೆ ಹಾರಿಸಿದೆ.

ಕೆಲವು ವಾರಗಳಾದ ಮೇಲೆ ಹುಡುಗಿಯ ತಂದೆ ಫೋನ್ ಮಾಡಿದರು. "ವಿಡಿಯೊ ತುಂಬಾ ಚೆನ್ನಾಗಿದೆ. ಆದ್ರೆ ಒಂದು ಕಡೆ ಪಕ್ಕದ ತಾರಸಿ ಮೇಲೆ ಕಾಗೆ ಕೂತಿದೆ. ಶುಭಕಾರ್ಯ ನೋಡಿ, ಅದನ್ನ ತೆಗೆದುಬಿಡಿ."

ಆಗಲಿ ಸರ್ ಅಂದೆ. ತೆಗೆಯೋಕೆ ಕೂತೆ ಕೂಡ. ಆದರೆ ಅಷ್ಟು ಹೊತ್ತು ಕಾದು, ಆಗಷ್ಟೇ ಊಟ ಮುಗಿಸಿ, ಡ್ರೋನಿಗೂ ಹೆದರದೆ ಕೂತ ಹಿರಿಯರನ್ನ ಎಬ್ಬಿಸೋದು ನನ್ನ ಕೈಲಾಗಲಿಲ್ಲ.