ದೇವದುರ್ಗದ ಉಲ್ಟಾ ಬಾಗಿಲು

ಹೊಟ್ಟೆಕಿಚ್ಚು ನನಗೆ ಹುಟ್ಟಿನಿಂದ ಬಂದದ್ದು. ಅಕ್ಕನಿಗೆ ಅವ್ವ ಎರಡು ಜಡೆ ಹಾಕಿದರೆ ನನಗೂ ಎರಡು ಬೇಕಿತ್ತು. ನನ್ನ ತಲೆಯಲ್ಲಿ ಒಂದು ಜಡೆಗೆ ಸಾಲುವಷ್ಟು ಕೂದಲಿರಲಿಲ್ಲ ಎಂಬುದು ಬೇರೆ ಮಾತು. ಆದರೆ ಮನುಷ್ಯರಿಗಿಂತ ಮನೆಗಳೇ ನನ್ನ ಹೊಟ್ಟೆಯನ್ನು ಹೆಚ್ಚು ಉರಿಸಿವೆ. ಅದು ಶುರುವಾದದ್ದು ಎಪ್ಪತ್ತರ ದಶಕದಲ್ಲಿ, ರಾಯಚೂರಿನ ನಮ್ಮ ಓಣಿಯಲ್ಲಿ, ಎದುರು ಮನೆಯವರು ಸ್ಲ್ಯಾಬ್ ಹಾಕಿಸಿದ ವರ್ಷ.

ಕೋಟೆ ಗೋಡೆಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ನಮ್ಮ ಮನೆ. ಮಣ್ಣಿನ ಮಾಳಿಗೆ, ತೋಳುದ್ದ ದಪ್ಪದ ಗೋಡೆ, ಪಡಸಾಲೆಯ ನಡುವೆ ಒಂದು ಬೆಳಕಿಂಡಿ. ಮಳೆಗಾಲ ಬರುವ ಮುಂಚೆ ಅಪ್ಪ ಬಂಡಿಯಲ್ಲಿ ಸವಳು ಮಣ್ಣು ತರಿಸಿ ಮಾಳಿಗೆಗೆ ಹಾಕಿಸಿ ತುಳಿಸುತ್ತಿದ್ದ. ಅಷ್ಟಾದರೂ ಮೊದಲ ಮಳೆಗೆ ಪಡಸಾಲೆಯ ತುಂಬ ಬೋಗುಣಿ ಹರಡುವುದು ತಪ್ಪುತ್ತಿರಲಿಲ್ಲ. ಎದುರು ಮನೆಯವರು ಸಾಹೇಬರು, ಪೇಟೆಯ ತೀನ್ ಕಂದೀಲ್ ಸರ್ಕಲ್ಲಿನ ಹತ್ತಿರ ಬಟ್ಟೆ ಅಂಗಡಿ ಇಟ್ಟವರು. ಅವರದೂ ನಮ್ಮಂಥದ್ದೇ ಮಾಳಿಗೆ ಮನೆಯಾಗಿತ್ತು. ಅದನ್ನು ಬೀಳಿಸಿ, ಕಬ್ಬಿಣ ಕಟ್ಟಿ, ಕಾಂಕ್ರೀಟ್ ಸುರಿದು, ಓಣಿಗೆಲ್ಲ ಖೀರು ಹಂಚಿದರು. ಖೀರು ಕುಡಿದೆ. ಹೊಟ್ಟೆ ತಣ್ಣಗಾಗಲಿಲ್ಲ.

ಅವರ ಮನೆಗೆ ಮೆಟ್ಟಿಲು ಬಂತು. ನನ್ನ ವಯಸ್ಸಿನ ಅವರ ಮಗಳು ಸಂಜೆ ಮೆಟ್ಟಿಲು ಹತ್ತಿ ಮೇಲೆ ನಿಂತು, ಗುಡ್ಡದ ಮೇಲಿನ ಕೋಟೆಯನ್ನು ತನ್ನದೇ ಎಂಬಂತೆ ನೋಡುತ್ತಿದ್ದಳು. ನಮಗೆ ಇದ್ದದ್ದು ಒಂದು ಏಣಿ, ಅದರಲ್ಲೂ ನಡುವಿನ ಮೆಟ್ಟು ಮುರಿದದ್ದು. ಅವರ ಬಾಗಿಲಿಗೆ ಹಸಿರು ಬಣ್ಣ, ಪಕ್ಕದಲ್ಲಿ ಒತ್ತಿದರೆ ಗುರ್ರೆನ್ನುವ ಕರೆಂಟಿನ ಬೆಲ್. ಆ ಬೆಲ್ಲಿನ ಸದ್ದು ಕೇಳಿದಾಗಲೆಲ್ಲ ನಮ್ಮ ಮನೆಯ ಮೇಲೆ ನನಗೆ ಸಿಟ್ಟು ಬರುತ್ತಿತ್ತು.

ಬೇಸಿಗೆ ಬಂದಾಗ ಅದೇ ಮನೆಯ ಯಜಮಾನಿ ಬೀಸಣಿಕೆ ಹಿಡಿದು ನಮ್ಮ ಪಡಸಾಲೆಗೆ ಬಂದು ಉರುಳಿಕೊಳ್ಳುತ್ತಿದ್ದಳು. "ಯಾ ಅಲ್ಲಾ, ನಮ್ದು ಮನಿ ಅಲ್ರೀ ಅಮ್ಮಾ, ತವಾ ಅದ ತವಾ! ಕುಂತ್ರ ಸುಡ್ತದ, ಮಲಗಿದ್ರ ಬೇಯ್ತದ," ಎನ್ನುತ್ತಿದ್ದಳು. ಅವ್ವ ನಕ್ಕು ಮಡಕೆಯ ನೀರು ಕೊಡುತ್ತಿದ್ದಳು. ನಾನು ಮಾತ್ರ ಒಳಗೊಳಗೇ, ಸುಟ್ಟರೂ ಅಡ್ಡಿಯಿಲ್ಲ, ನಮಗೂ ಒಂದು ತವಾ ಬೇಕು ಎಂದುಕೊಳ್ಳುತ್ತಿದ್ದೆ.

ನಮ್ಮ ಮನೆಗೆ ಮೆರೆಯಲು ಇದ್ದದ್ದು ಒಂದೇ, ತಲೆಬಾಗಿಲು. ಅಜ್ಜ ಮಾಡಿಸಿದ ಸಾಗುವಾನಿಯ ಜೋಡು ಕದ. ಚೌಕಟ್ಟಿನ ನೆತ್ತಿಯ ಮೇಲೆ ಎದುರುಬದುರು ಕುಳಿತ ಎರಡು ಗಿಳಿ, ಅದರಲ್ಲಿ ಒಂದರ ಕೊಕ್ಕು ಮುರಿದಿತ್ತು. ಕದದ ಮೇಲೆ ಸಾಲುಸಾಲಾಗಿ ಹಿತ್ತಾಳೆಯ ಮೊಗ್ಗು. ಹಬ್ಬ ಬಂದರೆ ಅಕ್ಕ ಒಂದು ಕದಕ್ಕೆ, ನಾನು ಒಂದು ಕದಕ್ಕೆ ಕುಳಿತು ಹುಣಸೆಹಣ್ಣು ಹಚ್ಚಿ ತಿಕ್ಕಬೇಕು. ಅಕ್ಕನ ಕದ ಯಾವಾಗಲೂ ನನ್ನದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಹೊರಗಡೆ ಕಬ್ಬಿಣದ ಸರಪಳಿ.

ಇದೆಲ್ಲ ಹೊರಮೈಯ ಅಲಂಕಾರ. ಒಳಮೈಗೆ ಏನೂ ಇಲ್ಲ, ಬರೀ ಹಲಗೆ, ಅಡ್ಡ ಹಾಕಲು ಒಂದು ಮರದ ಅಗಳಿ. ಬಲಗಡೆಯ ಕದ ಸ್ವಲ್ಪ ಜಗ್ಗಿತ್ತು. ಅದಕ್ಕೆ ಅವ್ವ ಎಡಗೈಯನ್ನು ಕದಕ್ಕೆ ಊರಿ, ಎತ್ತಿದಂತೆ ಮಾಡಿ, ಬಲಗೈಯಿಂದ ಅಗಳಿ ಎಳೆಯಬೇಕಾಗುತ್ತಿತ್ತು. ಆ ಕೈಗೆ ಎಣ್ಣೆಯೋ ಜೋಳದ ಹಿಟ್ಟೋ ಏನಾದರೊಂದು ಹತ್ತಿಯೇ ಇರುತ್ತಿತ್ತು.

ಅಕ್ಕನನ್ನು ದೇವದುರ್ಗಕ್ಕೆ ಕೊಟ್ಟರು, ಕಿರಾಣಿ ವ್ಯಾಪಾರದವರಿಗೆ. ಅದೂ ಹಳೆಯ ಮಾಳಿಗೆ ಮನೆಯೇ. ನನ್ನನ್ನು ಮಾನ್ವಿಗೆ, ಅಕ್ಕಿ ಗಿರಣಿಯವರ ಮನೆಗೆ. ಕಾಲುವೆ ನೀರು ಬಂದು ಭತ್ತ ಬೆಳೆದು ಅಲ್ಲಿ ಗಿರಣಿಗಳು ಎದ್ದ ಕಾಲ ಅದು. ನಾನು ಹೊಸಿಲು ತುಳಿದದ್ದು ಹೊಚ್ಚ ಹೊಸ ಸ್ಲ್ಯಾಬ್ ಮನೆಯದು. ಮೊಸಾಯಿಕ್ ನೆಲ, ಮೆಟ್ಟಿಲು, ಬೆಲ್. ಎದುರು ಮನೆಯ ಹುಡುಗಿಗಿದ್ದ ಎಲ್ಲವೂ ನನಗೆ ಬಂದವು. ಅಕ್ಕ ಮೊದಲ ಸಲ ಬಂದಾಗ ಅವಳಿಂದಲೇ ಬೆಲ್ ಒತ್ತಿಸಿ, ಬೇಕೆಂದೇ ತಡಮಾಡಿ ಬಾಗಿಲು ತೆಗೆದಿದ್ದೆ.

ತವರಿಗೆ ಹೋದಾಗ ಮಾತ್ರ ಆಟ ಬೇರೆ. ನಮ್ಮಲ್ಲಿ ಮಗಳು ಬಂದರೆ ಸೀದಾ ಒಳಗೆ ನುಗ್ಗುವಂತಿಲ್ಲ. ಸರಪಳಿ ಬಡಿಯಬೇಕು. ಒಳಗಿನಿಂದ ಅವ್ವನ ಧ್ವನಿ ಬರುತ್ತಿತ್ತು: "ಅಲ್ಲೇ ನಿಂದ್ರು! ನೀರ ತರ್ತೀನಿ." ಅವಳು ತಂಬಿಗೆ ನೀರು, ರೊಟ್ಟಿಯ ತುಣುಕು ಹಿಡಿದು ಬಂದು, ಅಗಳಿ ಎಳೆದು, ಮುಖಕ್ಕೆ ನಿವಾಳಿಸಿ ಬೀದಿಗೆ ಚೆಲ್ಲಿ, ಕಾಲಿಗೆ ನೀರು ಹಾಕಿದ ಮೇಲೇ ಒಳಗೆ. ಅಷ್ಟು ಹೊತ್ತು ನಾವು ಮುಚ್ಚಿದ ಬಾಗಿಲ ಮುಂದೆ, ಗಿಳಿಗಳನ್ನೂ ಹಿತ್ತಾಳೆ ಮೊಗ್ಗುಗಳನ್ನೂ ನೋಡುತ್ತ ನಿಲ್ಲಬೇಕು. ಬಸ್ಸಿನ ಧೂಳು, ಅತ್ತೆಮನೆಯ ಸಿಟ್ಟು, ಎಲ್ಲ ಆ ನಿಂತ ಹೊತ್ತಿನಲ್ಲಿ ಇಳಿದುಹೋಗುತ್ತಿದ್ದವು.

ಅಲ್ಲೂ ನನಗೆ ಉರಿಯಲು ಕಾರಣ ಇತ್ತು. ಅಕ್ಕನಿಗೆ ಅವ್ವ ಎರಡು ಸಲ ನಿವಾಳಿಸುತ್ತಿದ್ದಳು, ನನಗೆ ಒಂದೇ ಸಲ. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಆಕಿ ದೂರದಿಂದ ಬರ್ತಾಳಲ್ಲಬೇ," ಎಂದಳು ಅವ್ವ.

"ಮಾನ್ವಿ ಏನು ನಿನ್ನ ಹಿತ್ತಲದಾಗ ಅದ ಏನು?"

"ನಿಂದು ಡಾಂಬರ ರಸ್ತಾ. ಆಕಿ ಬಸ್ಸಿನ್ಯಾಗ ಎಲುಬು ಎಣಿಸಿಕೊಂತ ಬರ್ತಾಳ," ಎಂದು ಹೇಳಿ ಅವ್ವ ಒಳಗೆ ನಡೆದಳು. ರಸ್ತೆ ಕೆಟ್ಟಿರುವುದರಲ್ಲೂ ಅಕ್ಕನಿಗೇ ಲಾಭ ಎಂದು ನನಗೆ ಅವತ್ತು ಗೊತ್ತಾಯಿತು.

ಹೋದಾಗಲೆಲ್ಲ ರಾಯಚೂರು ಒಂದಿಷ್ಟು ಬದಲಾಗಿರುತ್ತಿತ್ತು. ಸ್ಟೇಷನ್ ಮುಂದೆ ಟಾಂಗಾ ಕಡಿಮೆಯಾಗಿ ಆಟೋ ಹೆಚ್ಚಾದವು. ಕೋಟೆಯ ಕಂದಕದ ಅಂಚಿಗೆ ಅಂಗಡಿಗಳು ಬೆನ್ನು ಕೊಟ್ಟು ನಿಂತವು. ಕೃಷ್ಣೆಯ ದಂಡೆಯಲ್ಲಿ ವಿದ್ಯುತ್ ಸ್ಥಾವರ ಎದ್ದ ಮೇಲೆ ಎಲ್ಲೆಲ್ಲಿಯದೋ ಊರಿನವರು ಬಂದು, ನಾವು ಜಾಲಿಗಿಡವೆಂದು ಕಾಲಿಡದಿದ್ದ ಹೊಲಗಳಲ್ಲಿ ಕಾಲೊನಿ ಮಾಡಿಕೊಂಡರು. ಅವರ ಮೇಲೂ ನನಗೆ ಉರಿಯೇ. ನಾನು ಹುಟ್ಟಿದ ಊರಿನಲ್ಲಿ ಅವರು ದಿನಾ ಸಂಜೆ ತಿರುಗಾಡುತ್ತಾರೆ, ನಾನು ಹೋದರೆ ನೆಂಟಳು. ನಮ್ಮ ಓಣಿಯಲ್ಲೂ ಮಾಳಿಗೆಗಳು ಒಂದೊಂದಾಗಿ ಬಿದ್ದು ಸ್ಲ್ಯಾಬ್ ಎದ್ದವು. ಕೊನೆಗೆ ಉಳಿದ ಮಣ್ಣಿನ ಮಾಳಿಗೆ ನಮ್ಮದೊಂದೇ.

ಅಪ್ಪ ಮೊದಲೇ ಹೋಗಿದ್ದ. ಎಂಬತ್ತರ ದಶಕದ ಕೊನೆಗೆ ಅವ್ವನೂ ಹೋದಳು. ವರ್ಷ ಕಳೆದ ಮೇಲೆ, ಆ ಮನೆಯಲ್ಲೇ ಉಳಿದಿದ್ದ ನಮ್ಮಣ್ಣ ಅದನ್ನು ಬೀಳಿಸಲು ನಿಂತ. ಕೆಳಗೆ ಅಂಗಡಿ, ಮೇಲೆ ಮನೆ ಕಟ್ಟಿಸುವ ಲೆಕ್ಕ ಅವನದು. ತಪ್ಪೆಂದು ಹೇಳಲು ನನಗೆ ಬಾಯಿಲ್ಲ; ಸ್ಲ್ಯಾಬ್ ಹಾಕಿಸೆಂದು ಸಣ್ಣವಳಿದ್ದಾಗಿನಿಂದ ಜೀವ ತಿಂದವಳು ನಾನೇ. ಅಕ್ಕನನ್ನೂ ನನ್ನನ್ನೂ ಕರೆಸಿ, ಬೇಕಾದ ಸಾಮಾನು ಒಯ್ಯಲು ಹೇಳಿದ. ತಲೆಬಾಗಿಲನ್ನು ಕಿತ್ತು ಎದುರು ಗೋಡೆಗೆ ಒರಗಿಸಿದ್ದರು.

"ಈ ಬಾಗ್ಲ ನಿಮ್ಮಿಬ್ಬರಾಗ ಯಾರಿಗೆ ಬೇಕು? ಹೊಸ ಮನಿಗೆ ಷಟರ್ ಬರ್ತದ," ಎಂದ ಅಣ್ಣ.

ನನಗೆ ಬೇಕಿತ್ತು. ಆದರೆ ಮೊಸಾಯಿಕ್ ಮನೆಯ ಸೊಸೆ ಹಳೇ ಬಾಗಿಲಿಗೆ ಕೈಚಾಚುವುದು ಹೇಗೆ? ಅಣ್ಣ ನನ್ನ ಹೆಸರು ಹಿಡಿದೇ ಕೇಳಲಿ ಎಂದು ಕಾದೆ. ಅಷ್ಟರಲ್ಲಿ ಜೊತೆಗೆ ಬಂದಿದ್ದ ನನ್ನ ಯಜಮಾನರು, "ನಮ್ಮ ಮನಿ ಚೌಕಟ್ಟು ಸಣ್ಣದ್ರೀ, ಇದು ಹಿಡಿಯಂಗಿಲ್ಲ," ಎಂದುಬಿಟ್ಟರು. ಅಕ್ಕನಿಗೆ ಇಂಥ ಬಿಂಕ ಯಾವುದೂ ಇಲ್ಲ. "ನನಗ ಕೊಡಣ್ಣಾ. ನಮ್ಮ ಮುಂದಿನ ಗ್ವಾಡಿ ಮಳಿಗೆ ಬಿದ್ದದ, ಹೊಸದಾಗಿ ಕಟ್ಟಸಾಕತ್ತೀವಿ," ಎಂದಳು. ಬಾಗಿಲು ಲಾರಿ ಹತ್ತಿ ದೇವದುರ್ಗಕ್ಕೆ ಹೋಯಿತು. ನನ್ನ ಪಾಲಿಗೆ ಒಂದು ತಾಮ್ರದ ಹಂಡೆ ಬಂತು. ಅದನ್ನು ನಾನು ಒಂದು ದಿನವೂ ಪ್ರೀತಿಯಿಂದ ನೋಡಲಿಲ್ಲ.

ಕೆಲವು ತಿಂಗಳಾದ ಮೇಲೆ ಅಕ್ಕನ ನೆರೆಮನೆಯಾಕೆ ಮಾನ್ವಿ ಪಕ್ಕದ ನೀರಮಾನ್ವಿಯ ಎಲ್ಲಮ್ಮನಿಗೆ ಹರಕೆ ತೀರಿಸಲು ಬಂದವಳು ನಮ್ಮ ಮನೆಗೂ ಬಂದಳು. ಚಹಾ ಕುಡಿಯುತ್ತ, ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. "ನಿಮ್ಮಕ್ಕನ ಬಾಗ್ಲ ನೋಡೀರೇನ್ರೀ? ಉಲ್ಟಾ ಕುಂದರ್ಸ್ಯಾರ! ಚಂದಿರೋ ಮಾರಿ ಒಳಗ, ಕರೀ ಬೆನ್ನು ಬೀದಿಗೆ. ಕದ ಹೊರಗ ತೆರೀತಾವ. ಹೋದವರು ಹಿಂದ ಸರೀಲಿಲ್ಲಂದ್ರ ಮೂಗಿಗೇ ಬಡೀತದ. ಊರ ಮಂದೆಲ್ಲ ಉಲ್ಟಾ ಬಾಗ್ಲದ ಮನಿ ಅಂತಾರ."

ಅವತ್ತಿನಷ್ಟು ರುಚಿಯಾದ ಚಹಾವನ್ನು ನಾನು ಕುಡಿದಿಲ್ಲ. ಬಾಗಿಲು ಒಯ್ದಳು, ನಿಲ್ಲಿಸಲು ಬರಲಿಲ್ಲ! ಚೌಕಟ್ಟನ್ನೇ ತಿರುವಿ ನಿಲ್ಲಿಸುವ ಗೌಂಡಿ ಅವಳಿಗೆ ಎಲ್ಲಿ ಸಿಕ್ಕನೋ! ನನ್ನ ಕೈಗೆ ಬಂದಿದ್ದರೆ ಹೀಗಾಗುತ್ತಿತ್ತೇ? ಓಣಿಯಲ್ಲಿ ಕಂಡವರಿಗೆಲ್ಲ ಹೇಳಿ ನಗಿಸಿದೆ. ನಕ್ಕು ತೃಪ್ತಿಯಾಗದೆ, ಕಣ್ಣಾರೆ ನೋಡಿಬರಬೇಕೆಂದು ಸಿರವಾರದಲ್ಲಿ ಬಸ್ಸು ಬದಲಿಸಿ ದೇವದುರ್ಗಕ್ಕೇ ಹೊರಟೆ.

ಬಿಸಿಲು ನೆತ್ತಿಗೆ ಬಂದಾಗ ಅಕ್ಕನ ಮನೆ ಮುಟ್ಟಿದೆ. ಮನೆಯವರೆಲ್ಲ ಹೊಳೆದಂಡೆಯ ಗೂಗಲ್ ಊರಿನ ಜಾತ್ರೆಗೆ ಹೋಗಿ ಅಕ್ಕ ಒಬ್ಬಳೇ ಇದ್ದಳು. ಬಾಗಿಲು ತೆರೆದೇ ಇತ್ತು, ಎರಡೂ ಕದ ಹೊರಗೋಡೆಗೆ ಅಂಟಿಕೊಂಡಿದ್ದವು. ಬಿಸಿಲಿನ ಝಳ ಒಳಗೆ ಬರುತ್ತದೆಂದು ಅಕ್ಕ ನನ್ನನ್ನು ಒಳಗೆ ಕರೆದುಕೊಂಡು ಕದ ಎಳೆದು ಮುಚ್ಚಿದಳು. ನಾನು ಪಡಸಾಲೆಯಲ್ಲಿ ಕುಳಿತು, ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತನ್ನು ಬಿಚ್ಚಿದೆ.

"ಅಲ್ಲಕ್ಕಾ, ಉಲ್ಟಾ ಕುಂದರಿಸಿದ ಗೌಂಡಿಗೆ ಒಂದ್ ಮಾತು ಬೈಲಿಲ್ಲೇನು? ಕಿತ್ತು ಸೀದಾ ಮಾಡಸಬೇಕಿಲ್ಲ?"

"ಅಂವಾ ಸೀದಾನ ಇಡಾಕತ್ತಿದ್ದ. ನಾನಽ ತಿರುವಿಸಿದೆ," ಎಂದಳು ಅಕ್ಕ. ಮಜ್ಜಿಗೆ ಲೋಟ ಕೈಗೆ ಕೊಟ್ಟು ಪಕ್ಕದಲ್ಲೇ ಕುಳಿತಳು. "ಸೀದಾ ಇಟ್ಟರ ಈ ಗಿಳಿ, ಈ ಹಿತ್ತಾಳಿ ಎಲ್ಲಾ ಬೀದಿ ಮಂದಿಗೆ ಕಾಣ್ತಾವ. ಒಳಗಿರೋ ನನಗೇನು ಕಾಣ್ತದ? ನಾವು ಅವ್ವನ ಮನಿಗೆ ಹೋದಾಗ ನೋಡಿದ್ದು ಈ ಮಾರಿ ಅಲ್ಲೇನು? ಮಧ್ಯಾಹ್ನ ಕೆಲಸ ಮುಗದ ಮ್ಯಾಲ ಕದ ಹಾಕ್ಕೊಂಡು ಹಿಂಗ ಎದುರಿಗೆ ಕುಂದರ್ತೀನಿ. ಈಗ ಬಂದು ಸರಪಳಿ ಬಡದೀನಿ, ಅವ್ವ ನೀರ ತರಾಕ ಹೋಗ್ಯಾಳ, ಇನ್ನೇನು ತೆಗೀತಾಳ ಅನ್ನಸ್ತದ."

ನಾನು ತಲೆಯೆತ್ತಿ ನೋಡಿದೆ. ಕೊಕ್ಕು ಮುರಿದ ಗಿಳಿ ಇತ್ತು. ಸರಪಳಿ ಇತ್ತು. ಮುಚ್ಚಿದ ಕದದ ಮುಂದೆ ನಾವಿಬ್ಬರೂ, ನೀರು ಬರುವುದನ್ನು ಕಾಯುವವರಂತೆ ಕುಳಿತಿದ್ದೆವು. ಅವಳು ತನ್ನ ಕದದ ಹಿತ್ತಾಳೆಯನ್ನಷ್ಟೇ ಅಲ್ಲ, ನನ್ನ ಕದದ್ದನ್ನೂ ತಿಕ್ಕಿ ಹೊಳೆಯಿಸಿದ್ದಳು.

ಅಳು ಬರಬೇಕಿತ್ತು. ನನಗೆ ಬಂದದ್ದು ಹೊಟ್ಟೆಯುರಿ, ಹಿಂದೆಂದೂ ಬಾರದಂಥದ್ದು. ಬಾಗಿಲು ಅವಳಿಗೆ ಸಿಕ್ಕಿದ್ದನ್ನಾದರೂ ಸಹಿಸಬಹುದು. ಈ ವಿಚಾರ ನನಗೆ ಹೊಳೆಯದೆ ಅವಳಿಗೆ ಹೊಳೆಯಿತಲ್ಲ! ಊರೆಲ್ಲ ನಕ್ಕರೂ ಲೆಕ್ಕಿಸದೆ ಅವಳು ದಿನಾ ತವರಿಗೆ ಹೋಗಿಬರುತ್ತಿದ್ದಳು, ನಾನು ಅದೇ ಬಾಗಿಲನ್ನು ಆಡಿಕೊಂಡು ನಗುತ್ತ ಮಾನ್ವಿಯಲ್ಲಿ ಬೆಲ್ಲಿನ ಸದ್ದು ಕೇಳುತ್ತ ಕುಳಿತಿದ್ದೆ. ಮಜ್ಜಿಗೆ ಒಂದೇ ಗುಟುಕಿಗೆ ಮುಗಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಇನ್ನೂ ಹೊತ್ತಿತ್ತು.

ಅಕ್ಕ ಹಣೆಗೆ ಕುಂಕುಮ ಹಚ್ಚಿ, ಉಡಿ ತುಂಬಿ ಕಳಿಸಿದಳು. ನಾನು ಕಟ್ಟೆ ಇಳಿಯುವ ಮೊದಲೇ ಬಿಸಿಲೆಂದು ಕದ ಎಳೆದುಕೊಂಡಳು. ಒಳಗೆ ಸರಪಳಿ ಸಿಕ್ಕಿಸಿದ ಸದ್ದು ಕೇಳಿ ನಾನು ತಿರುಗಿದೆ.

ನನ್ನ ಮುಂದೆ ಬಾಗಿಲಿನ ಬೆನ್ನು ಇತ್ತು. ಹೊಗೆ ಕುಡಿದ ಬರೀ ಹಲಗೆ. ಸಣ್ಣವಳಿದ್ದಾಗ ದಿನಾ ಕಂಡದ್ದು, ಆದರೆ ಒಳಗಿನ ಕತ್ತಲಲ್ಲಿ. ಬೀದಿಯ ಬೆಳಕಿನಲ್ಲಿ ಮೊದಲ ಸಲ ನೋಡಿದೆ. ಅಗಳಿಯ ಪಕ್ಕದಲ್ಲಿ, ಜಗ್ಗಿದ ಕದದ ಮೇಲೆ, ಒಂದು ಕಡೆ ಮಾತ್ರ ಹಲಗೆ ನುಣ್ಣಗಾಗಿ, ಎಣ್ಣೆ ಕುಡಿದು ಕರ್ರಗೆ ಮಿರುಗುತ್ತಿತ್ತು. ಅಂಗೈ ಅಗಲದ ಕಲೆ, ಐದು ಬೆರಳೂ ತಿಳಿಯುವಂತೆ. ನಾವು ಹೊರಗೆ ಕಾಯುತ್ತಿದ್ದಾಗ ಅವ್ವ ಈ ಕಡೆ ಕೈ ಊರುತ್ತಿದ್ದ ಜಾಗ ಅದು. ನನ್ನ ಎಡಗೈ ಇಟ್ಟು ನೋಡಿದೆ. ಸರಿಯಾಗಿ ಕೂತಿತು.

ಅಕ್ಕ ಇದನ್ನು ನೋಡಿರಲಾರಳು. ಕದ ತೆರೆದಾಗ ಆ ಮೈ ಹೊರಗೋಡೆಗೆ ಆನಿಕೊಂಡು ಮರೆಯಾಗುತ್ತದೆ. ಮುಚ್ಚಿದಾಗ ಅವಳು ಒಳಗೆ, ಗಿಳಿಗಳ ಎದುರು ಕುಳಿತಿರುತ್ತಾಳೆ. ಮುಚ್ಚಿದ ಬಾಗಿಲ ಹೊರಗೆ ನಿಂತವರಿಗಷ್ಟೇ ಅದು ಕಾಣುತ್ತದೆ. ಒಂದು ಕೂಗು ಹಾಕಿದ್ದರೆ ಅವಳು ಓಡಿ ಬರುತ್ತಿದ್ದಳು.

ನಾನು ಕೂಗಲಿಲ್ಲ. ಆಮೇಲೆ ಎಷ್ಟೋ ಸಲ ದೇವದುರ್ಗಕ್ಕೆ ಹೋಗಿದ್ದೇನೆ, ಪ್ರತಿ ಸಲವೂ ಬಿಸಿಲು ಏರಿ ಕದ ಮುಚ್ಚಿದ ಮೇಲೇ ಮುಟ್ಟುವಂತೆ ಬಸ್ಸು ಹಿಡಿದಿದ್ದೇನೆ. ಕೈ ಇಟ್ಟು, ಸ್ವಲ್ಪ ಹೊತ್ತು ನಿಂತು, ಆಮೇಲೆ ಅಕ್ಕನನ್ನು ಕರೆಯುತ್ತೇನೆ. ಕಲೆಯ ವಿಷಯ ಅವಳಿಗೆ ಇವತ್ತಿಗೂ ಹೇಳಿಲ್ಲ.