ಕೈಯಿಂದ ಕೈಗೆ ಕೊಡದ ಚಾಕು

ಹೋದ ಭಾನುವಾರ ಯಶವಂತಪುರದ ಫುಟ್‌ಪಾತಿನಲ್ಲಿ ಚಾಕು ಮಾರುವವನೊಬ್ಬ ಮಡಿಚುವ ಚಾಕು ಬಿಡಿಸಿ, ಹಿಡಿಯನ್ನು ನನ್ನ ಕಡೆ ಮಾಡಿ ಚಾಚಿದ. ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ ಬಂತು. ಪಕ್ಕದಲ್ಲೇ ಸೀಬೆಹಣ್ಣಿನ ಗಾಡಿ. ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಕೈ ಮುಂದೆ ಮಾಡುವುದನ್ನೇ ಮರೆತು ನಿಂತುಬಿಟ್ಟೆ...

ಅಮೃತಹಳ್ಳಿಯಲ್ಲಿ ನಮ್ಮ ಪಕ್ಕದ ಮನೆ ಯಜಮಾನರು ಎಣ್ಣೆ ಹಚ್ಚಿದ ತಮ್ಮ ಮಡಿಚುವ ಚಾಕುವಿನಲ್ಲಿ ಕೊಯ್ದು ಕೊಡುತ್ತಿದ್ದ ಸೀಬೆಹಣ್ಣು ಯಾವತ್ತೂ ಹೀಗೇ ಎಣ್ಣೆ ನಾತ ಹೊಡೆಯುತ್ತಿತ್ತು. ಧಾರವಾಡದ ಕಡೆಯವರು, ಕಾರ್ಖಾನೆಯೊಂದರಲ್ಲಿ ಫಿಟ್ಟರಾಗಿದ್ದು ನಿವೃತ್ತರಾದವರು. ನಾನು ಸ್ಕೂಲು ಮೇಷ್ಟ್ರು. ನಮ್ಮಿಬ್ಬರ ನಡುವೆ ಇದ್ದದ್ದು ಎದೆಮಟ್ಟದ ಕಾಂಪೌಂಡ್ ಗೋಡೆ, ಮತ್ತು ಅಗ್ಗದ ಚಾಕುಗಳ ಹುಚ್ಚು. ದುಬಾರಿ ಚಾಕುವನ್ನು ಅವರು ಮೂಸಿಯೂ ನೋಡುತ್ತಿರಲಿಲ್ಲ. "ಅದು ಚಲೋನ ಇರಬೇಕು. ಅದರಾಗ ಪರೀಕ್ಷಾ ಏನೈತಿ?" ಅನ್ನುತ್ತಿದ್ದರು.

ನಾನು ಫುಟ್‌ಪಾತಿನಿಂದ ತಂದ ಚಾಕುವಿನ ವಿಚಾರಣೆ ಸಂಜೆ ಐದಕ್ಕೆ ಆ ಗೋಡೆಯ ಬಳಿ ಶುರುವಾಗುತ್ತಿತ್ತು. ಹೈಕೋರ್ಟಿನಲ್ಲೂ ಅಷ್ಟು ಗಾಂಭೀರ್ಯ ಇರಲಾರದು. ಮೊದಲು ಅಲಗಿನ ತುದಿ ಹಿಡಿದು ಅತ್ತಿತ್ತ ಅಲ್ಲಾಡಿಸುವರು. ಬುಡದ ರಿವಿಟ್ಟು ಸಡಿಲವಿದ್ದರೆ ಕೇಸು ಅಲ್ಲಿಗೇ ವಜಾ. ಆಮೇಲೆ ಕಿವಿಯ ಹತ್ತಿರ ಹಿಡಿದು ಮಡಿಚುವರು. ಸ್ಪ್ರಿಂಗು 'ಟಕ್' ಅನ್ನಬೇಕು, ಗೊಣಗಬಾರದು. ಅಲಗು ಹಿಡಿಯ ನಟ್ಟನಡುವೆ ಹೋಗಿ ಮಲಗಬೇಕು. ಕೊನೆಗೆ ಹಳೇ ಪೇಪರು: ಒಮ್ಮೆ ಕೊಯ್ದು, ಹತ್ತು ಸಲ ಸೆಣಬಿನ ಹಗ್ಗ ಕೊಯ್ದು, ಮತ್ತೆ ಪೇಪರು. "ಅಂಗಡ್ಯಾಗ ಎಲ್ಲಾ ಚಾಕೂನೂ ಹರಿತ ಇರ್ತಾವ್ರೀ ಮಾಸ್ತರ. ಹಗ್ಗ ಕೊಯ್ದ ಮ್ಯಾಲ ಏನ್ ಉಳೀತೈತಿ ನೋಡ್ರಿ." ಅಲಗಿನ ಮೇಲೆ ಪರದೇಶದ ಹೆಸರು ದೊಡ್ಡದಾಗಿ ಕೊರೆದಿದ್ದರೆ ಪರೀಕ್ಷೆಯಿಲ್ಲದೆ ಫೇಲು. ನನ್ನ ಹದಿನೇಳು ಚಾಕುಗಳಲ್ಲಿ ಪಾಸಾದದ್ದು ಎರಡು. ನಮ್ಮ ಸ್ಕೂಲಿನ ಫಲಿತಾಂಶವೇ ವಾಸಿ.

ತೀರ್ಪಾದ ಮೇಲೆ ಚಾಕುವನ್ನು ನನ್ನ ಕೈಗೆ ಮಾತ್ರ ಕೊಡುತ್ತಿರಲಿಲ್ಲ. ಗೋಡೆಯ ಮೇಲಿಡುವರು, ಅವರು ಕೈ ತೆಗೆದ ಮೇಲೆ ನಾನು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಕೊಟ್ಟರೆ ಜಗಳವಾಗಿ ಸಂಬಂಧ ಕಡಿದುಹೋಗುತ್ತದೆ ಅನ್ನುವ ನಂಬಿಕೆ. ನಾನು ಸುಮ್ಮನಿರುತ್ತಿರಲಿಲ್ಲ.

"ಕೂದಲೆಳೆ ಅಳತೇಲಿ ಕೆಲಸ ಮಾಡಿದೋರು, ನಿಮಗ್ಯಾಕ್ರೀ ಈ ಮೂಢನಂಬಿಕೆ?"

"ಇರೂದು ಒಬ್ಬರು ಮಾಸ್ತರು. ಜಗಳಾಡಿ ಕಳಕೊಂಡ್ರ ಮತ್ತೊಬ್ರನ್ನ ಎಲ್ಲಿಂದ ತರ್ಲಿ?"

ಹನ್ನೊಂದು ವರ್ಷ ಜಗಳವಾಗಲಿಲ್ಲ. ಗೋಡೆಯ ಮಹಿಮೆಯೋ ಏನೋ...

ಆಮೇಲೆ ಅವರ ಶ್ವಾಸಕೋಶ ಕೈಕೊಟ್ಟಿತು. ಹೆಬ್ಬಾಳದ ಆಸ್ಪತ್ರೆಗೆ ನೋಡಲು ಹೋದೆ. ಕೆಟ್ಟ ಕನಸು ಬೀಳದಿರಲಿ ಅಂತ ನರ್ಸನ್ನು ಪುಸಲಾಯಿಸಿ ದಿಂಬಿನಡಿ ಇಟ್ಟುಕೊಂಡಿದ್ದ ತಮ್ಮ ಚಾಕುವನ್ನು ಹೊರತೆಗೆದರು. ಮಸೆದು ಮಸೆದು ಅದರ ಅಲಗು ಕಿರುಬೆರಳಿಗಿಂತ ಸಣ್ಣಗಾಗಿತ್ತು. ಮಡಿಚಿ ನನ್ನತ್ತ ಚಾಚಿದರು. ನೇರವಾಗಿ, ಕೈಗೆ.

"ತಗೋರಿ ಮಾಸ್ತರ. ಇನ್ನ ಜಗಳಾಡಾಕ ಟೈಮೆಲ್ಲೈತಿ?"

ಮೂವತ್ತು ವರ್ಷ ಮಕ್ಕಳಿಗೆ ವಿಚಾರವಾದ ಬೋಧಿಸಿದ ಈ ಮಹಾನುಭಾವ ಹೆದರಿಬಿಟ್ಟ. ತೆಗೆದುಕೊಂಡರೆ ಎಲ್ಲ ಅಲ್ಲಿಗೇ ಕಡಿದುಹೋಗುತ್ತದೆ ಅನ್ನಿಸಿತು.

"ಅಲ್ಲೇ ಇಡಿ ಯಜಮಾನ್ರೇ," ಅಂದೆ.

ಅವರು ನನ್ನ ಮುಖ ನೋಡಿದರು. ಕೈಯನ್ನು ಸ್ವಲ್ಪ ಹೊತ್ತು ಹಾಗೇ ಚಾಚಿಕೊಂಡಿದ್ದರು. ಆಮೇಲೆ ನಕ್ಕು, ಚಾಕುವನ್ನು ಹೊದಿಕೆಯ ಮೇಲಿಟ್ಟು, ಕೈ ಹಿಂದಕ್ಕೆಳೆದುಕೊಂಡರು. ನಾನು ಎತ್ತಿಕೊಂಡೆ. ಮರುದಿನ ಬೆಳಿಗ್ಗೆ ಅವರ ಮಗಳು ಫೋನ್ ಮಾಡಿದಳು...

ಹನ್ನೊಂದು ವರ್ಷದಲ್ಲಿ ಅವರ ಕೈಯನ್ನು ನಾನು ಒಮ್ಮೆಯೂ ಮುಟ್ಟಿರಲಿಲ್ಲ. ಅದು ಬೆಚ್ಚಗಿತ್ತೋ, ತಣ್ಣಗಿತ್ತೋ, ಒರಟಾಗಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಸಾರ್, ಹಿಡ್ಕೊಳ್ಳಿ ಸಾರ್, ಕೈ ನೋಯ್ತಿದೆ," ಅಂದ ಫುಟ್‌ಪಾತಿನವನು.

ಹಿಡಿದುಕೊಂಡೆ. ಅವನ ಬೆರಳು ತಗಲಿತು, ಬೆಚ್ಚಗಿತ್ತು. ಅಲಗು ಅತ್ತಿತ್ತ ಆಡುತ್ತಿತ್ತು. ಅದರ ಮೇಲೆ ಪರದೇಶದ ಹೆಸರು ಬೇರೆ, ಇಷ್ಟು ದೊಡ್ಡದಾಗಿ. ಕೊಂಡು ಮನೆಗೆ ತಂದೆ. ಸಂಜೆ ಐದಾಯಿತು. ಅದನ್ನು ಫೇಲು ಮಾಡುವವರು ಯಾರೂ ಇರಲಿಲ್ಲ.